ಒಂದು ಸ್ವರಕ್ಕೊಂದು ತಂತಿ: ಟೇಕಲ್ ಕಟ್ಟೆಯ ಮೇಲೆ ಒಂದು ಭಾನುವಾರ

ಬೆಂಗಳೂರಿನಿಂದ ಬಂಗಾರಪೇಟೆ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿ ಕಿಟಕಿ ಪಕ್ಕ ಕುಳಿತರೆ ಕೃಷ್ಣರಾಜಪುರ, ವೈಟ್‌ಫೀಲ್ಡ್, ದೇವನಗೊಂದಿ, ಮಾಲೂರು ಒಂದೊಂದಾಗಿ ಹಿಂದೆ ಸರಿಯುತ್ತವೆ. ಮಾಲೂರು ದಾಟಿದ ಮೇಲೆ ದೂರದಲ್ಲಿ ಬಂಡೆಗಳ ಗುಡ್ಡ ಕಾಣಿಸುತ್ತದೆ. ದೈತ್ಯರ ಮಕ್ಕಳು ಗೋಲಿ ಆಡಿ, ಅಮ್ಮ ಊಟಕ್ಕೆ ಕರೆದಳೆಂದು ಅಲ್ಲೇ ರಾಶಿ ಹಾಕಿ ಎದ್ದು ಹೋದ ಹಾಗೆ ಒಂದರ ಮೇಲೊಂದು ಗುಂಡುಗಳು. ಅದೇ ಟೇಕಲ್. ರೈಲ್ವೆಯವರ ವೇಳಾಪಟ್ಟಿಯಲ್ಲಿ ಟ್ಯಾಕಲ್ ಎಂದಿರುತ್ತದೆ. ಊರು ಒಂದೇ, ಗಾಬರಿ ಬೇಡ.

ಈ ರೈಲು ದಾರಿ ಬಹಳ ಹಳೆಯದು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಮೊದಲ ರೈಲು ಬಂದದ್ದು ಇದೇ ದಾರಿಯಲ್ಲಿ. ಟೇಕಲ್ ಊರು ಅದಕ್ಕಿಂತ ಎಷ್ಟೋ ಹಳೆಯದು. ವಿಜಯನಗರದ ಕಾಲದಲ್ಲಿ, ಅಂದರೆ 15ನೆಯ ಶತಮಾನದಲ್ಲಿ, ಸಾಳುವ ಗೋಪರಾಜ ಎಂಬ ನಾಯಕನ ಹೆಸರು ಇಲ್ಲಿನ ಶಾಸನಗಳಲ್ಲಿ ಬರುತ್ತದೆ. ಆ ಕಾಲವನ್ನು ನೆನಪಿಸುವ ವರದರಾಜಸ್ವಾಮಿ ದೇವಸ್ಥಾನ ಊರಿನಲ್ಲಿದೆ. ಅದೇ ಶತಮಾನದಲ್ಲಿ ಪಕ್ಕದ ಮುಳಬಾಗಿಲಿನಲ್ಲಿ ಶ್ರೀಪಾದರಾಜರು ಸಂಸ್ಕೃತ ಬಾರದ ಜನರಿಗೂ ಅರ್ಥವಾಗಲೆಂದು ಕನ್ನಡದಲ್ಲಿ ದೇವರನಾಮಗಳನ್ನು ಹಾಡುತ್ತಿದ್ದರು. ಕಥೆಗಾರ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮಾಸ್ತಿ ಗ್ರಾಮವೂ ಇದೇ ಮಾಲೂರು ತಾಲ್ಲೂಕಿನದು. 1928ರಲ್ಲಿ ಅವರು ಬರೆದ 'ಸುಬ್ಬಣ್ಣ' ಒಬ್ಬ ಸಂಗೀತಗಾರನ ಬದುಕಿನ ಕಥೆ. ಕಲ್ಲಿನ ಸೀಮೆ ಎಂದು ಹೆಸರಾದರೂ ಈ ನೆಲಕ್ಕೆ ಹಾಡು ಹೊಸದಲ್ಲ ಎಂದು ಹೇಳಲು ಇಷ್ಟೆಲ್ಲ ಹೇಳಿದೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಕಾಲದಲ್ಲಿ ಈ ಕಡೆ ಬಹಳ ಓಡಾಡಿದ್ದೇನೆ. ಆಗ ಕೈಯಲ್ಲಿ ಲೆಡ್ಜರ್ ಇರುತ್ತಿತ್ತು. ಈ ಸಲ ಹೋದಾಗ ಇದ್ದದ್ದು ಹತ್ತಿ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ಚಪ್ಪಟೆ ಮರದ ಪೆಟ್ಟಿಗೆ. ಜೊತೆಗೆ ಒಂಬತ್ತು ವರ್ಷದ ಮೊಮ್ಮಗಳು, ಆರು ವರ್ಷದ ಮೊಮ್ಮಗ. ರೈಲಿನಲ್ಲಿ ಕಡಲೆಕಾಯಿ ಮಾರುವವರು ಪೆಟ್ಟಿಗೆಯನ್ನು ಎರಡು ಸಲ ನೋಡಿ, "ಏನ್ ಸ್ವಾಮಿ ಅದು, ಕೇರಂ ಬೋರ್ಡಾ?" ಎಂದು ಕೇಳಿದರು. ಮೊಮ್ಮಗ ನನಗಿಂತ ಮುಂಚೆ ಉತ್ತರ ಕೊಟ್ಟ: "ಅಲ್ಲ, ಸ್ವರಮಂಡಲ!"

ಸ್ವರಮಂಡಲ ಎಂದರೇನು?

ಹಿಂದೂಸ್ತಾನಿ ಗಾಯಕರು ಹಾಡುವಾಗ ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಸವರುವ ವಾದ್ಯವನ್ನು ಟೀವಿಯಲ್ಲಿ ನೋಡಿರಬಹುದು. ಬಡೇ ಗುಲಾಂ ಅಲಿ ಖಾನರ ಚಿತ್ರಗಳಲ್ಲಿ ಅದು ಅವರ ತೊಡೆಯ ಮೇಲೆ ಇರುತ್ತದೆ. ನನ್ನದರಲ್ಲಿ ಮೂವತ್ತಕ್ಕೂ ಹೆಚ್ಚು ಉಕ್ಕಿನ ತಂತಿಗಳಿವೆ. ಪಾಶ್ಚಾತ್ಯರ ಹಾರ್ಪ್ ಎಂಬ ದೊಡ್ಡ ವಾದ್ಯಕ್ಕೆ ಇದು ದೂರದ ನೆಂಟ. ಹಾರ್ಪ್ ಆಳೆತ್ತರ ನಿಲ್ಲುತ್ತದೆ, ಸುಮಾರು 40 ಕಿಲೋ ತೂಗುತ್ತದೆ, 47 ತಂತಿಗಳಿರುತ್ತವೆ. ಅಷ್ಟು ತಂತಿಗಳ ನಡುವೆ ದಾರಿ ತಪ್ಪಬಾರದೆಂದು ಕೆಲವಕ್ಕೆ ಕೆಂಪು, ಕೆಲವಕ್ಕೆ ಕಪ್ಪು ಬಣ್ಣ ಕೊಟ್ಟಿರುತ್ತಾರೆ. ಅದನ್ನು ಹೊತ್ತು ಪ್ಯಾಸೆಂಜರ್ ರೈಲು ಹತ್ತುವ ವಯಸ್ಸು ನನ್ನದಲ್ಲ. ಸ್ವರಮಂಡಲವಾದರೆ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು.

ವೀಣೆಗೂ ಹಾರ್ಪ್‌ಗೂ ಏನು ವ್ಯತ್ಯಾಸ? ಮಕ್ಕಳು ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು. ವೀಣೆಯಲ್ಲಿ ಒಂದೇ ತಂತಿಯನ್ನು 24 ಮೆಟ್ಟಿಲುಗಳ ಮೇಲೆ ಬೇರೆ ಬೇರೆ ಕಡೆ ಒತ್ತಿ ಹಲವು ಸ್ವರ ತೆಗೆಯುತ್ತಾರೆ. ಹಾರ್ಪ್ ಜಾತಿಯ ವಾದ್ಯಗಳಲ್ಲಿ ಒಂದು ಸ್ವರಕ್ಕೆ ಒಂದು ತಂತಿ. ಪ್ರತಿ ತಂತಿಗೂ ಒಂದೇ ಮಾತು ಗೊತ್ತು. ಎಲ್ಲವೂ ತಮ್ಮ ತಮ್ಮ ಸರದಿಯಲ್ಲಿ ಆ ಒಂದೊಂದು ಮಾತು ಆಡಿದರೆ ಹಾಡು ಆಗುತ್ತದೆ. ವೀಣೆ ಕಲಿಯಲು ವರ್ಷಗಳು ಬೇಕು. ಒಂದು ತಂತಿಯನ್ನು ಸಮಯಕ್ಕೆ ಸರಿಯಾಗಿ ಮೀಟಲು ಐದು ನಿಮಿಷ ಸಾಕು. ಚಿಕ್ಕ ಮಕ್ಕಳ ಎದುರಿಗೆ ಇಡಲು ಇದಕ್ಕಿಂತ ಒಳ್ಳೆಯ ವಾದ್ಯ ನನಗೆ ಕಾಣಲಿಲ್ಲ.

ಕಟ್ಟೆಯ ಮೇಲೆ

ಊರಿನಲ್ಲಿ ನನಗೆ ಪರಿಚಯದವರೊಬ್ಬರಿದ್ದಾರೆ. ಅವರಿಗೆ ಮೊದಲೇ ಹೇಳಿದ್ದೆ. ಮೈಕು ಬೇಡ, ಶಾಮಿಯಾನ ಬೇಡ, ಹಾರ ತುರಾಯಿ ಬೇಡ, ನೆರಳಿರುವ ಕಟ್ಟೆಯೊಂದು ಸಾಕು ಎಂದು. ಅರಳಿಕಟ್ಟೆಯ ಚಪ್ಪಡಿಗಳನ್ನು ಗುಡಿಸಿ, ನೀರು ಚಿಮುಕಿಸಿ, ಚಾಪೆ ಹಾಸಿ ಇಟ್ಟಿದ್ದರು. ಹತ್ತು ಗಂಟೆಗೆ ಒಂದಿಪ್ಪತ್ತೈದು ಮಕ್ಕಳು ಸೇರಿದರು. ಸೊಂಟದ ಮೇಲೆ ತಮ್ಮಂದಿರನ್ನು ಎತ್ತಿಕೊಂಡ ಅಕ್ಕಂದಿರು, ಅರ್ಧ ಚಕ್ರ ಗಾಳಿಯಿಲ್ಲದ ಸೈಕಲ್ ತಳ್ಳಿಕೊಂಡು ಬಂದ ಹುಡುಗರು. ದೇವಸ್ಥಾನದಿಂದ ಬರುತ್ತಿದ್ದ ಅಜ್ಜಿಯರು ಏನಿದು ಗಲಾಟೆ ಎಂದು ನಿಂತು, ಆಮೇಲೆ ಕೂತೇಬಿಟ್ಟರು.

ಸ್ವರಮಂಡಲದ ದನಿ ಸಣ್ಣದು. ಹತ್ತಡಿ ದೂರ ಹೋದರೆ ಕೇಳಿಸುವುದು ಕಷ್ಟ. ಮೊದಲಿಗೆ ಯಾರಿಗೂ ಕೇಳಿಸಲೇ ಇಲ್ಲ. ಎಲ್ಲರೂ ಮಾತಾಡುತ್ತಿದ್ದರು, ದೂರದಲ್ಲಿ ಜಲ್ಲಿ ಕ್ರಷರ್ ಗುಡುಗುಡು ಎನ್ನುತ್ತಿತ್ತು, ಅಷ್ಟರಲ್ಲಿ ಗೂಡ್ಸ್ ರೈಲೊಂದು ಹಾರನ್ ಹಾಕಿಕೊಂಡು ಹೋಯಿತು. ನಾನು ಸುಮ್ಮನಿರಿ ಎನ್ನಲಿಲ್ಲ. ಒಂದು ಆಟ ಹೇಳಿದೆ.

"ನಾನು ಒಂದೇ ಒಂದು ತಂತಿ ಮೀಟ್ತೀನಿ. ಕಣ್ಣು ಮುಚ್ಕೊಳ್ಳಿ. ಸದ್ದು ಪೂರ್ತಿ ನಿಂತೋಯ್ತು ಅನ್ನಿಸಿದಾಗ ಕೈ ಎತ್ತಿ. ಮೊದಲೇ ಎತ್ತಿದೋರು ಔಟ್."

ಮೊದಲ ಸಲ ಮೂರು ಎಣಿಸುವುದರೊಳಗೆ ಎಲ್ಲರ ಕೈ ಮೇಲೆ. ಮೊಮ್ಮಗಳು ಗಡಿಯಾರ ಹಿಡಿದುಕೊಂಡಿದ್ದಳು. ಇನ್ನೂ ಕೇಳಿಸ್ತಿದೆ, ಎಲ್ಲರೂ ಔಟ್ ಎಂದಳು. ಎರಡನೆಯ ಸಲ ಐದು ಸೆಕೆಂಡ್. ನಾಲ್ಕನೆಯ ಸಲ ದಪ್ಪ ತಂತಿ ಮೀಟಿದಾಗ ಹನ್ನೊಂದು ಸೆಕೆಂಡ್ ತನಕ ಒಂದು ಕೈಯೂ ಮೇಲೇಳಲಿಲ್ಲ. ಆ ಹನ್ನೊಂದು ಸೆಕೆಂಡಿನಲ್ಲಿ ಅರಳಿ ಎಲೆಯ ಪಟಪಟ ಕೇಳಿಸಿತು, ಗಿಣಿ ಕೂಗಿದ್ದು ಕೇಳಿಸಿತು, ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿದ್ದೂ ಕೇಳಿಸಿತು. ಕ್ರಷರ್ ಸದ್ದು ನಿಂತಿರಲಿಲ್ಲ. ಅದರ ಕೆಳಗೆ ಇನ್ನೊಂದು ದನಿ ಇದೆ ಎಂದು ಮಕ್ಕಳ ಕಿವಿಗೆ ಗೊತ್ತಾಗಿತ್ತು.

ಈ ಊರುಗಳಲ್ಲಿ ಎಷ್ಟೋ ಮಕ್ಕಳ ಅಪ್ಪ ಅಮ್ಮ ಕಲ್ಲಿನ ಕೆಲಸಕ್ಕೆ ಹೋಗುವವರು. ಸುತ್ತಿಗೆ, ಉಳಿ, ಯಂತ್ರ, ಸಿಡಿಮದ್ದು. ಹಬ್ಬ ಬಂದರೆ ಎದೆ ನಡುಗಿಸುವ ಡೀಜೆ. ಉಳಿದ ಹೊತ್ತಿನಲ್ಲಿ ಫೋನು. ಸಣ್ಣ ದನಿಗೆ ಕಿವಿಗೊಡುವ ಅವಕಾಶ ಇವರಿಗೆ ಬರುವುದೇ ಕಡಿಮೆ. ಕೇಳುವುದೂ ಈಜು, ಸೈಕಲ್ ಇದ್ದ ಹಾಗೆ. ಯಾರಾದರೂ ಪಕ್ಕದಲ್ಲಿದ್ದು ಕಲಿಸಬೇಕು.

ಆರು ಮಕ್ಕಳು, ಆರು ತಂತಿ

ಆಮೇಲೆ ತಂತಿಗಳನ್ನು ಮೋಹನ ರಾಗಕ್ಕೆ ಶ್ರುತಿ ಮಾಡಿದೆ. ಸ ರಿ ಗ ಪ ಧ, ಮತ್ತೆ ಮೇಲಿನ ಸ. ಈ ರಾಗದಲ್ಲಿ ಒಂದು ಅನುಕೂಲವಿದೆ. ಇದರ ಸ್ವರಗಳನ್ನು ಯಾರು ಯಾವ ಕ್ರಮದಲ್ಲಿ ಮೀಟಿದರೂ ಒಂದಕ್ಕೊಂದು ಜಗಳ ಆಡುವುದಿಲ್ಲ. ಚಿಕ್ಕವರಿಗೆ ಹೇಳಿ ಮಾಡಿಸಿದ್ದು. ಜಪಾನ್, ಚೀನಾ ದೇಶಗಳ ಹಳ್ಳಿಹಾಡುಗಳಲ್ಲೂ ಇಂಥ ಐದು ಸ್ವರಗಳ ಹಾಡುಗಳು ಬಹಳ.

ಆರು ಮಕ್ಕಳನ್ನು ಸುತ್ತ ಕೂರಿಸಿ ಒಬ್ಬೊಬ್ಬರಿಗೆ ಒಂದೊಂದು ತಂತಿ ಕೊಟ್ಟೆ. ಎರಡೇ ನಿಯಮ. ಕೈ ತೊಳೆದು ಒರೆಸಿಕೊಂಡು ಬರಬೇಕು, ಬೆವರು ತಾಗಿದರೆ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ. ಉಗುರಿನಿಂದ ಎಳೆಯಬಾರದು, ಬೆರಳಿನ ತುದಿಯ ಮೆತ್ತಗಿನ ಭಾಗದಿಂದ ಮೀಟಬೇಕು. ಹಿಂದೆ ನಿಂತಿದ್ದ ಒಬ್ಬ ಹುಡುಗ ಅನುಮಾನದಿಂದ ಕೇಳಿದ, "ತಾತ, ಮುಟ್ಬೋದಾ?" ಎಷ್ಟೋ ಮಕ್ಕಳಿಗೆ ವಾದ್ಯವೆಂದರೆ ಗಾಜಿನ ಬೀರುವಿನೊಳಗೆ ಇರುವುದು, ಇಲ್ಲ ವೇದಿಕೆಯ ಮೇಲೆ ಇರುವುದು. ಅವರು ಮೊದಲು ಕಲಿಯುವ ಪಾಠವೇ 'ಮುಟ್ಟಬೇಡ'. ಮುಟ್ಟದೆ ಪ್ರೀತಿ ಹೇಗೆ ಹುಟ್ಟೀತು?

ನಾನು ಕೈ ತೋರಿಸಿದವರು ಮೀಟಬೇಕು, ಅಷ್ಟೇ. ಮೊದಲ ಸುತ್ತಿನಲ್ಲಿ ಕೈ ತೋರಿಸುವ ಮುಂಚೆಯೇ ಮೀಟುವವರು, ತೋರಿಸಿದ ಮೇಲೂ ಬಾಯಿ ಬಿಟ್ಟುಕೊಂಡು ನೋಡುವವರು. ಮೂರನೆಯ ಸುತ್ತಿಗೆ ಅದು ಹಾಡಿನ ಹಾಗೆ ಕೇಳಿಸತೊಡಗಿತು. 'ಪ' ಹಿಡಿದಿದ್ದ ಹುಡುಗಿ ತನ್ನ ಸರದಿ ಬರುವ ಮೊದಲೇ ಉಸಿರು ಹಿಡಿದು ಬೆರಳು ಎತ್ತಿ ಇಟ್ಟುಕೊಳ್ಳುತ್ತಿದ್ದಳು. ಒಂದು ಸ್ವರ ಮಾತ್ರ ತನ್ನದು, ಆದರೆ ಅದನ್ನು ತಾನು ಬಿಟ್ಟರೆ ಹಾಡಿನಲ್ಲಿ ತೂತು ಬೀಳುತ್ತದೆ ಎಂದು ಅವಳಿಗೆ ತಿಳಿದಿತ್ತು.

ಅಂಗನವಾಡಿಗೆ ಹೋಗುವ ವಯಸ್ಸಿನ ಒಂದು ಮಗು ಮೀಟಲು ಒಪ್ಪಲೇ ಇಲ್ಲ. ಅಕ್ಕನ ಲಂಗದ ಹಿಂದೆ ಅವಿತುಕೊಂಡಿತ್ತು. ಪೆಟ್ಟಿಗೆಯ ಮರದ ಮೇಲೆ ಅದರ ಅಂಗೈ ಇಡಿಸಿ ಮೀಟಿದೆ. ಕೈ ಕೆಳಗೆ ಮರ ನಡುಗಿತು. ಮಗು ಕೈ ಎಳೆದುಕೊಂಡು, ಅಂಗೈ ತಿರುಗಿಸಿ ಏನಾದರೂ ಅಂಟಿದೆಯಾ ಎಂದು ನೋಡಿಕೊಂಡಿತು. ಆಮೇಲೆ ತಾನೇ ಮತ್ತೆ ಇಟ್ಟಿತು. ತಂತಿ ಒಂದೇ ಇದ್ದರೆ ಸದ್ದು ಬಹಳ ಸಣ್ಣದು. ಅದರ ನಡುಕ ಮರದ ಪೆಟ್ಟಿಗೆಗೆ ಇಳಿದು, ಪೆಟ್ಟಿಗೆ ಒಳಗಿನ ಗಾಳಿಯನ್ನೂ ನಡುಗಿಸಿದಾಗ ದೊಡ್ಡದಾಗಿ ಕೇಳಿಸುತ್ತದೆ. ವೀಣೆಗೆ ಹಲಸಿನ ಮರದ ಕೊಡ, ತಂಬೂರಿಗೆ ಸೋರೆ ಬುರುಡೆ ಇರುವುದು ಇದೇ ಕೆಲಸಕ್ಕೆ.

ಗುಮಾಸ್ತನ ಲೆಕ್ಕ

ಮೊಮ್ಮಗನ ಕೈಯಲ್ಲಿ ಇನ್ನೊಂದು ವಸ್ತು ಇತ್ತು. ಉದ್ದನೆಯ ಹಲಗೆ, ಎರಡು ತುದಿಗೆ ಎರಡು ಮೊಳೆ, ನಡುವೆ ಬಿಗಿಯಾಗಿ ಎಳೆದು ಕಟ್ಟಿದ ಒಂದು ತಂತಿ. ಮೊಳೆಯಿಂದ ಮೊಳೆಗೆ ಸರಿಯಾಗಿ 60 ಸೆಂಟಿಮೀಟರ್. ತಂತಿಯ ಕೆಳಗೆ ಆಚೀಚೆ ಸರಿಸಲು ಒಂದು ಮರದ ತುಂಡು. ವೀಣೆಯವರು ಇದನ್ನು ಕುದುರೆ ಎನ್ನುತ್ತಾರೆ.

ಪೂರ್ತಿ 60 ಸೆಂಟಿಮೀಟರ್ ಮೀಟಿದರೆ ಬರುವುದು ನಮ್ಮ 'ಸ' ಎಂದಿಟ್ಟುಕೊಳ್ಳಿ. ಕುದುರೆಯನ್ನು ಸರಿಸಿ 48 ಸೆಂಟಿಮೀಟರ್ ಉಳಿಸಿ ಮೀಟಿದರೆ 'ಗ'. 40 ಉಳಿಸಿದರೆ 'ಪ'. 36 ಉಳಿಸಿದರೆ 'ಧ'. ಸರಿಯಾಗಿ ಅರ್ಧ, 30 ಉಳಿಸಿದರೆ ಮೇಲಿನ 'ಸ'. ಮಕ್ಕಳು ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಸ್ವರಮಂಡಲದ ತಂತಿಯ ಜೊತೆ ತಾಳೆ ನೋಡಿದರು. ತಾಳೆ ಬಂದಾಗಲೆಲ್ಲ ಚಪ್ಪಾಳೆ. ಏಳನೆಯ ತರಗತಿಯ ಒಬ್ಬ ಹುಡುಗ ನಾನು ಹೇಳುವ ಮೊದಲೇ ಕಂಡುಹಿಡಿದ: "40 ಅಂದ್ರೆ 60ರಲ್ಲಿ ಮೂರನೇ ಎರಡು ಭಾಗ ಸಾರ್!"

'ರಿ' ಮಾತ್ರ ತೊಂದರೆ ಕೊಟ್ಟಿತು. ಅದರ ಲೆಕ್ಕ 53 ಸೆಂಟಿಮೀಟರ್, ಮೇಲೆ ಮೂರನೇ ಒಂದು ಭಾಗ. ಬ್ಯಾಂಕಿನಲ್ಲಿ ಇಂಥ ಚಿಲ್ಲರೆ ಬಂದರೆ ಹತ್ತಿರದ ಪೈಸೆಗೆ ತಂದು ಮುಂದೆ ಹೋಗುತ್ತಿದ್ದೆವು. ಸಂಗೀತದಲ್ಲಿ ಹಾಗೆ ಮಾಡಲು ಹೋದರೆ ಕಿವಿ ಎಂಬ ಆಡಿಟರ್ ಬಿಡುವುದಿಲ್ಲ.

ತಂತಿ ಗಿಡ್ಡವಾದಷ್ಟೂ ದನಿ ಏರುತ್ತದೆ. ಬಿಗಿಯಾದಷ್ಟೂ ಏರುತ್ತದೆ. ದಪ್ಪವಾದರೆ ಇಳಿಯುತ್ತದೆ. ಉದ್ದ, ಬಿಗಿ, ದಪ್ಪ, ಈ ಮೂರೇ ಮೂರು. ಹಾರ್ಪ್‌ನ ಒಂದು ಕಡೆ ಚಿಕ್ಕ ತಂತಿ, ಇನ್ನೊಂದು ಕಡೆ ಉದ್ದ ತಂತಿ ಇದ್ದು ಅದು ಓರೆಯಾಗಿ ಕಾಣಿಸುವುದಕ್ಕೂ ಈ ಲೆಕ್ಕವೇ ಕಾರಣ.

ಕಾಣೆಯಾದ ವೀಣೆ

ಬಿಸಿಲು ಏರಿತು. ಐಸ್‌ಕ್ಯಾಂಡಿ ಗಾಡಿಯ ಗಂಟೆ ಕೇಳಿಸಿದ್ದೇ ಅರ್ಧ ಸಭೆ ಖಾಲಿ. ಉಳಿದವರಿಗೆ ನಾನು ಒಂದು ಕಥೆ ಹೇಳಿದೆ.

ನಾವು ವೀಣೆ ಎಂದ ಕೂಡಲೇ ಸರಸ್ವತಿಯ ಕೈಯಲ್ಲಿರುವುದನ್ನು ನೆನೆಯುತ್ತೇವೆ. ಬಹಳ ಹಿಂದೆ ವೀಣೆ ಎಂಬ ಹೆಸರು ಇದ್ದದ್ದು ಬಿಲ್ಲಿನ ಆಕಾರದ ಹಾರ್ಪ್‌ಗೆ. ಬೇಟೆಗಾರನ ಬಿಲ್ಲಿನ ಹೆದೆ 'ಟಂಯ್' ಎನ್ನುವುದನ್ನು ಕೇಳಿ ಯಾರೋ ಅದಕ್ಕೆ ಇನ್ನೂ ನಾಲ್ಕು ಹೆದೆ ಕಟ್ಟಿರಬೇಕು ಎಂದು ಊಹಿಸುತ್ತಾರೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಏಳು ತಂತಿಯ ಚಿತ್ರಾವೀಣೆ, ಒಂಬತ್ತು ತಂತಿಯ ವಿಪಂಚಿ ವೀಣೆಗಳ ಮಾತು ಬರುತ್ತದೆ. ನಾಲ್ಕನೆಯ ಶತಮಾನದ ಗುಪ್ತ ದೊರೆ ಸಮುದ್ರಗುಪ್ತ ತನ್ನ ಚಿನ್ನದ ನಾಣ್ಯದ ಮೇಲೆ ಯುದ್ಧದ ಕೊಡಲಿ ಹಿಡಿದು ನಿಂತಿದ್ದೂ ಉಂಟು, ಇನ್ನೊಂದು ನಾಣ್ಯದಲ್ಲಿ ಮಂಚದ ಮೇಲೆ ಕುಳಿತು ತೊಡೆಯ ಮೇಲೆ ಇಂಥ ವೀಣೆ ಇಟ್ಟುಕೊಂಡು ನುಡಿಸುತ್ತಿರುವುದೂ ಉಂಟು. ಜೀವನವಿಡೀ ನಾಣ್ಯ ಎಣಿಸಿದವನು ನಾನು. ಅಂಥದ್ದೊಂದು ನಾಣ್ಯ ನನ್ನ ಕೌಂಟರಿಗೆ ಬಂದಿದ್ದರೆ ವಾಪಸು ಕೊಡಲು ಮನಸ್ಸು ಬರುತ್ತಿತ್ತೋ ಇಲ್ಲವೋ!

ತಮಿಳು ನಾಡಿನಲ್ಲಿ ಇದೇ ಜಾತಿಯ ವಾದ್ಯಕ್ಕೆ ಯಾಳ್ ಎಂದು ಹೆಸರಿತ್ತು. ನಿಧಾನವಾಗಿ ಮೆಟ್ಟಿಲಿನ ವೀಣೆ ಬಂತು, ಬಿಲ್ಲಿನ ವೀಣೆ ಹೋಯಿತು. ಯಾರೂ ಅದನ್ನು ನಿಷೇಧಿಸಲಿಲ್ಲ, ಯಾರೂ ಮುರಿದು ಹಾಕಲಿಲ್ಲ. ಕಲಿಯುವವರು ಕಡಿಮೆಯಾದರು, ಕೇಳುವವರು ಕಡಿಮೆಯಾದರು, ಒಂದು ದಿನ ಇಲ್ಲವಾಯಿತು. 1947ರಲ್ಲಿ ವಿಪುಲಾನಂದ ಸ್ವಾಮಿಗಳ 'ಯಾಳ್ ನೂಲ್' ಎಂಬ ದೊಡ್ಡ ಗ್ರಂಥ ಹೊರಬಂತು. ಹಳೆಯ ಹಾಡುಗಬ್ಬಗಳಲ್ಲಿ ಬರುವ ಮಾತುಗಳನ್ನು ಒಂದೊಂದಾಗಿ ಹೆಕ್ಕಿ ಆ ವಾದ್ಯ ಹೇಗಿತ್ತೆಂದು ಅವರು ಹುಡುಕಬೇಕಾಯಿತು.

ಪೂರ್ತಿ ಅಳಿಯಲಿಲ್ಲ ಎನ್ನುವುದೇ ಸಮಾಧಾನ. ಮಧ್ಯಪ್ರದೇಶದಲ್ಲಿ ಗೊಂಡರ ಕಥೆಗಳನ್ನು ಹಾಡುವ ಪರಧಾನರ ಬಳಿ ಐದು ತಂತಿಯ ಬಿಲ್ಲಿನಾಕಾರದ ವಾದ್ಯ ಉಳಿದು ಬಂದಿದೆ. ಬರ್ಮಾ ದೇಶದಲ್ಲಿ, ಅಂದರೆ ಈಗಿನ ಮ್ಯಾನ್ಮಾರ್‌ನಲ್ಲಿ, ದೋಣಿಯ ಹಾಗೆ ಬಾಗಿದ 16 ತಂತಿಯ ಹಾರ್ಪ್ ಇಂದಿಗೂ ಗೌರವದ ವಾದ್ಯ. ಅದರ ತಂತಿಗಳನ್ನು ಹಿಂದೆ ರೇಷ್ಮೆ ಎಳೆ ಹೊಸೆದು ಮಾಡುತ್ತಿದ್ದರು. ರೇಷ್ಮೆ ಎಂದ ಕೂಡಲೇ ಕಟ್ಟೆಯ ಮೇಲಿನ ಮಕ್ಕಳ ಕಣ್ಣರಳಿತು. ಕೋಲಾರ ಸೀಮೆಯ ಮಕ್ಕಳಿಗೆ ಹಿಪ್ಪುನೇರಳೆ ಸೊಪ್ಪು, ಚಂದ್ರಿಕೆ, ಗೂಡು ಯಾವುದೂ ಹೊಸದಲ್ಲ. "ನಮ್ಮನೇಲೂ ಹುಳ ಸಾಕ್ತೀವಿ ತಾತ!" ಎಂದು ಇಬ್ಬರು ಒಟ್ಟಿಗೆ ಕೂಗಿದರು. ಹಾಗಾದರೆ ನಿಮ್ಮ ಮನೆಯ ಹುಳಕ್ಕೂ ಹಾಡು ಗೊತ್ತು ಎಂದೆ.

ಕನ್ನಡಕ್ಕೂ ಈ ಕುಟುಂಬದ ಹೆಸರುಗಳು ಹೊಸವಲ್ಲ. ಕನ್ನಡ ಬೈಬಲ್‌ನಲ್ಲಿ ದಾವೀದ ನುಡಿಸುವ ವಾದ್ಯವನ್ನು ಕಿನ್ನರಿ ಎಂದೇ ಕರೆದಿದ್ದಾರೆ. ನಮ್ಮ ಕಿನ್ನರಿ ಬೇರೆ ಬಗೆಯದು, ಬುರುಡೆ ಕಟ್ಟಿದ ಕೋಲಿನ ವಾದ್ಯ. 12ನೆಯ ಶತಮಾನದ ಶರಣರಲ್ಲಿ ಕಿನ್ನರಿ ನುಡಿಸುತ್ತಿದ್ದ ಬೊಮ್ಮಯ್ಯನಿಗೆ ಕಿನ್ನರಿ ಬೊಮ್ಮಯ್ಯ ಎಂದೇ ಹೆಸರು. ಕಿನ್ನರಿ ಜೋಗಿಗಳು ಅದನ್ನು ನುಡಿಸುತ್ತ ಊರೂರು ತಿರುಗಿ ಮಹಾಭಾರತದ ಕಥೆ ಹಾಡುತ್ತಿದ್ದರು.

ಅಜ್ಜಿ ಹಾಡಿದ್ದು

ಇದನ್ನು ಕೇಳುತ್ತಿದ್ದ ಒಬ್ಬ ಅಜ್ಜಿ, ಎಪ್ಪತ್ತೈದರ ಮೇಲಿರಬೇಕು, ತಮ್ಮ ಚಿಕ್ಕಂದಿನ ಮಾತು ತೆಗೆದರು. "ಸುಗ್ಗಿ ಮುಗಿದ ಮೇಲೆ ತಂಬೂರಿ ಹಿಡ್ಕೊಂಡು ಬರೋರು ಸ್ವಾಮಿ. ಬುರ್ರಕಥೆಯೋರು ಬೆಳಗಾನ ಹೇಳೋರು. ತತ್ವ ಹೇಳೋರು ಬಂದ್ರೆ ನಮ್ಮವ್ವ ಮೊರದ ತುಂಬ ರಾಗಿ ಹಾಕೋಳು. ಈಗ ಯಾರು ಬರ್ತಾರೆ?"

"ಯಾಕಜ್ಜಿ ಬರಲ್ಲ?" ಎಂದು ನನ್ನ ಮೊಮ್ಮಗಳು ಕೇಳಿದಳು.

"ಬಂದ್ರೆ ಕೂತ್ಕೊಂಡು ಕೇಳೋರು ಯಾರವ್ವಾ?"

ಆ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ನಿಮಗೆ ಏನಾದರೂ ನೆನಪಿದೆಯಾ ಎಂದು ಕೇಳಿದೆ. ಈ ಭಾಗದಲ್ಲಿ ಕೈವಾರದ ತಾತಯ್ಯನವರ ಪದಗಳು ತೆಲುಗಿನಲ್ಲೂ ಕನ್ನಡದಲ್ಲೂ ಮನೆಮಾತು. ಅಜ್ಜಿ ಬೇಡ ಬೇಡ ಎಂದು ಸೆರಗು ಬಾಯಿಗೆ ಇಟ್ಟುಕೊಂಡರು. ಅವರ ಮೊಮ್ಮಗ ಅಲ್ಲೇ ಮೂಲೆಯಲ್ಲಿ ಫೋನು ನೋಡುತ್ತ ಕುಳಿತಿದ್ದ, ಹನ್ನೆರಡು ವರ್ಷದ ಹುಡುಗ. ಅವನನ್ನು ಕರೆದು 'ಸ' ತಂತಿ ಒಂದನ್ನೇ ನಿಧಾನವಾಗಿ, ಗಡಿಯಾರದ ಹಾಗೆ ಮೀಟುತ್ತಿರು ಎಂದೆ. ನಾಲ್ಕೈದು ಸಲ ಮೀಟಿದ. ಅಜ್ಜಿ ಗಂಟಲು ಸರಿ ಮಾಡಿಕೊಂಡು ಅವನ ಶ್ರುತಿಗೆ ಸೇರಿದರು. ದನಿ ನಡುಗುತ್ತಿತ್ತು, ಎರಡನೆಯ ನುಡಿ ಮರೆತುಹೋಯಿತು, ಪಕ್ಕದ ಅಜ್ಜಿ ಎತ್ತಿಕೊಟ್ಟರು. ಹುಡುಗ ತಂತಿಯಿಂದ ಕಣ್ಣು ತೆಗೆದು ಅವರ ಮುಖ ನೋಡುತ್ತಿದ್ದ. ಅವನ ಅಜ್ಜಿ ಹಾಡಿದ್ದನ್ನು ಅವನು ಕೇಳಿದ್ದು ಅದೇ ಮೊದಲಂತೆ. "ನೀನ್ ಯಾವತ್ತೂ ಹೇಳೇ ಇಲ್ಲ" ಎಂದ. "ನೀನ್ ಯಾವತ್ತು ಕೇಳ್ದೆ?" ಎಂದರು ಅಜ್ಜಿ. ಎಲ್ಲರೂ ನಕ್ಕರು.

ಸಮುದ್ರಗುಪ್ತನ ನಾಣ್ಯದಲ್ಲಿ ವೀಣೆಯ ಆಕಾರ ಉಳಿಯಿತು, ದನಿ ಉಳಿಯಲಿಲ್ಲ. ದನಿಯನ್ನು ಚಿನ್ನದಲ್ಲೂ ಟೇಕಲ್ ಕಲ್ಲಿನಲ್ಲೂ ಕೆತ್ತಿ ಇಡಲಾಗದು. ಅದು ಉಳಿಯುವುದು ಒಬ್ಬರ ಗಂಟಲಿನಿಂದ ಇನ್ನೊಬ್ಬರ ಕಿವಿಗೆ ಹೋದರೆ ಮಾತ್ರ. ನಡುವೆ ಒಂದೇ ಒಂದು ತಲೆಮಾರು ಕೇಳಿಸಿಕೊಳ್ಳದೆ ಹೋದರೆ ಸಾಕು, ಸರಪಳಿ ಕಡಿಯುತ್ತದೆ.

ಹತ್ತಿರ ಕೂತು ಕೇಳುವ ಜಾಗಗಳು

ಈ ಸರಪಳಿ ಕಡಿಯದಂತೆ ನೋಡಿಕೊಳ್ಳುವವರು ನಮ್ಮ ಸುತ್ತ ಇದ್ದಾರೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕವಿ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರೊಂದಿಗೆ ಕಟ್ಟಿದ 'ಆದಿಮ' ಇದೆ. ಅಲ್ಲಿನ 'ಹುಣ್ಣಿಮೆ ಹಾಡು' ಬೆಳದಿಂಗಳಿನಲ್ಲಿ, ಬಂಡೆಗಳ ನಡುವೆ, ಹಳ್ಳಿಯವರೂ ಪೇಟೆಯವರೂ ಒಟ್ಟಿಗೆ ಕುಳಿತು ಹಾಡು, ನಾಟಕ ಕೇಳಿ ನೋಡುವ ಕೂಟ. ಕೈವಾರದಲ್ಲಿ ಗುರುಪೂರ್ಣಿಮೆಗೆ 72 ಗಂಟೆ ನಿಲ್ಲದೆ ಸಂಗೀತ ನಡೆಯುತ್ತದೆ. ಹೆಸರಾಂತ ವಿದ್ವಾಂಸರೂ ಹಳ್ಳಿಯ ಭಜನೆ ತಂಡದವರೂ ಅಲ್ಲಿ ಹಾಡುತ್ತಾರೆ. 1977ರಲ್ಲಿ ದೆಹಲಿಯಲ್ಲಿ ಪ್ರೊಫೆಸರ್ ಕಿರಣ್ ಸೇಠ್ ಆರಂಭಿಸಿದ ಸ್ಪಿಕ್ ಮೆಕೆ ಸಂಸ್ಥೆ ದೊಡ್ಡ ದೊಡ್ಡ ಕಲಾವಿದರನ್ನು ಶಾಲೆ ಕಾಲೇಜುಗಳಿಗೇ ಕರೆತಂದು ಮಕ್ಕಳ ಎದುರಿಗೆ ಕೂರಿಸುತ್ತದೆ. ಇವೆಲ್ಲ ದೊಡ್ಡವರು ಮಾಡುವ ದೊಡ್ಡ ಕೆಲಸ. ನಮ್ಮ ನಿಮ್ಮ ಜಗಲಿಯ ಮೇಲೆ ಆಗುವ ಸಣ್ಣ ಕೆಲಸವೂ ಒಂದಿದೆ.

ಮಕ್ಕಳೇ, ಚಪ್ಪಲಿ ಕೊಂಡಾಗ ಬರುವ ಖಾಲಿ ರಟ್ಟಿನ ಡಬ್ಬ ತೆಗೆದುಕೊಳ್ಳಿ. ಮುಚ್ಚಳ ಬೇಡ. ದಪ್ಪದ್ದು, ತೆಳುವಿನದು ಸೇರಿಸಿ ಆರು ರಬ್ಬರ್ ಬ್ಯಾಂಡುಗಳನ್ನು ಡಬ್ಬದ ಸುತ್ತ ಅಡ್ಡಲಾಗಿ ಹಾಕಿ. ಡಬ್ಬದ ಬಾಯಿಯ ಎರಡು ಅಂಚಿನ ಮೇಲೆ, ರಬ್ಬರಿನ ಕೆಳಗೆ, ಒಂದೊಂದು ಪೆನ್ಸಿಲ್ ತೂರಿಸಿ. ಅದೇ ನಿಮ್ಮ ಕುದುರೆ. ಯಾವುದು ಏರು ದನಿ, ಯಾವುದು ಇಳಿ ದನಿ ಎಂದು ನೋಡಿ ಸಾಲಾಗಿ ಜೋಡಿಸಿ. ಏರಿಸಬೇಕಾದರೆ ಪಕ್ಕಕ್ಕೆ ಎಳೆದು ಬಿಗಿ ಮಾಡಿ. ಆರು ಜನ ಸೇರಿ, ಒಬ್ಬರಿಗೆ ಒಂದು. ಮನೆಯಲ್ಲಿ ಆರು ಜನ ಇಲ್ಲದಿದ್ದರೆ ತಾತ, ಅಜ್ಜಿ, ಪಕ್ಕದ ಮನೆಯವರನ್ನೂ ಸೇರಿಸಿಕೊಳ್ಳಿ.

ತಾತಂದಿರೇ, ಅಜ್ಜಿಯರೇ, ನಿಮಗೊಂದು ಮಾತು. ಸಂಗೀತ ಬಾರದು ಎಂಬ ನೆಪ ಬೇಡ. ಬೀಸುವ ಕಲ್ಲಿನ ಪದ, ಲಾಲಿ, ಭಜನೆ, ಹಳೆಯ ಸಿನಿಮಾ ಹಾಡು, ಏನಾದರೂ ಒಂದು ಗಂಟಲಲ್ಲಿ ಇದ್ದೇ ಇರುತ್ತದೆ. ಹೇಳಿಕೊಡಿ ಎಂದು ಮಕ್ಕಳು ಬಂದು ಕೇಳಲಿ ಎಂದು ಕಾಯಬೇಡಿ. ಕರೆಂಟು ಹೋದ ಹೊತ್ತು ಒಳ್ಳೆಯ ಹೊತ್ತು.

ಟೇಕಲ್‌ಗೆ ಹೋಗುವವರು ಬೆಳಗಿನ ಪ್ಯಾಸೆಂಜರ್‌ಗೇ ಹೋಗಿ. ಬಿಸಿಲೇರಿದರೆ ಬಂಡೆ ಕಾವಲಿಯ ಹಾಗೆ ಕಾಯುತ್ತದೆ. ನೀರು, ಟೋಪಿ, ಪುಳಿಯೋಗರೆ ಬುತ್ತಿ ಜೊತೆಗಿರಲಿ. ದೇವಸ್ಥಾನ ನೋಡಿ, ಗುಂಡುಗಳ ನೆರಳಿನಲ್ಲಿ ಕುಳಿತು, ಹನ್ನೊಂದು ಸೆಕೆಂಡ್ ಕಣ್ಣು ಮುಚ್ಚಿ ಏನೇನು ಕೇಳಿಸುತ್ತದೆ ಎಂದು ಎಣಿಸಿ. ಗಣಿ ಕೆಲಸ ನಡೆಯುವ ಕಡೆಗೆ ಮಾತ್ರ ಮಕ್ಕಳನ್ನು ಬಿಡಬೇಡಿ. ವಾಪಸು ರೈಲಿನ ಸಮಯವನ್ನು ಸ್ಟೇಷನ್ನಿನಲ್ಲಿ ಇಳಿದಾಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಅದು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು.